ಹಾಡನ್ನು ಕೈಬಿಟ್ಟ ಸಂಗೀತಗಾರ: ವೀಣೆ ಎಸ್. ಬಾಲಚಂದರ್

ಕರ್ನಾಟಕ ಸಂಗೀತದ ಚರಿತ್ರೆಯಲ್ಲಿ ಎಸ್. ಬಾಲಚಂದರ್ ಅವರ ಹೆಸರು ವೀಣೆಯೊಂದಿಗೆ ಬೆಸೆದುಕೊಂಡಿದೆ. ಅವರ ಬದುಕಿನ ಇನ್ನೊಂದು ಮುಖವಾದ ಪತ್ತೇದಾರಿ ಚಿತ್ರಗಳ ನಿರ್ದೇಶನ ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1927ರ ಜನವರಿ 18ರಂದು ಮದರಾಸಿನಲ್ಲಿ ಜನಿಸಿದ ಅವರು, ಬಾಲಕನಾಗಿದ್ದಾಗಲೇ ಪ್ರಭಾತ್ ಸಂಸ್ಥೆಯ ‘ಸೀತಾ ಕಲ್ಯಾಣಂ’ ಚಿತ್ರದಲ್ಲಿ ಕಾಣಿಸಿಕೊಂಡರು. ಅಣ್ಣ ಎಸ್. ರಾಜಂ ಅದರಲ್ಲಿ ರಾಮನ ಪಾತ್ರ ವಹಿಸಿದ್ದರು. ಮುಂದೆ ಯಾವ ಗುರುವಿನ ಬಳಿಯೂ ಕ್ರಮವಾದ ಪಾಠವಾಗದೆ, ಸ್ವಪ್ರಯತ್ನದಿಂದಲೇ ಬಾಲಚಂದರ್ ವೀಣೆಯನ್ನು ವಶಪಡಿಸಿಕೊಂಡರು.

ಇಂತಹ ಸಂಗೀತಗಾರ 1954ರಲ್ಲಿ ಎ.ವಿ.ಎಂ. ಸಂಸ್ಥೆಗಾಗಿ ನಿರ್ದೇಶಿಸಿದ ‘ಅಂದ ನಾಳ್’ ಹಾಡುಗಳಿಲ್ಲದ ಮೊದಲ ತಮಿಳು ಚಿತ್ರವೆಂಬುದು ಗಮನಾರ್ಹ. 1943ರಲ್ಲಿ ಮದರಾಸಿನ ಮೇಲೆ ಜಪಾನೀಯರ ಬಾಂಬು ಬಿದ್ದ ಮರುದಿನ ರೇಡಿಯೊ ಎಂಜಿನಿಯರ್ ಒಬ್ಬ ಗುಂಡೇಟಿಗೆ ಬಲಿಯಾಗುತ್ತಾನೆ. ಶಂಕಿತರು ಒಬ್ಬೊಬ್ಬರೂ ಹೇಳುವ ಕಥೆಯಲ್ಲಿ ಅವನ ಬೇರೆ ಬೇರೆ ಮುಖಗಳು ತೆರೆದುಕೊಳ್ಳುತ್ತವೆ. ಕೊನೆಗೆ ತಿಳಿಯುವುದು, ದೇಶದ್ರೋಹಿಯಾದ ಪತಿಯನ್ನು ಪತ್ನಿಯೇ ತಡೆಯಹೊರಟಳೆಂಬುದು. ಶಿವಾಜಿ ಗಣೇಶನ್ ಅವರೆದುರು ಈ ಪತ್ನಿಯ ಪಾತ್ರವನ್ನು ನಿರ್ವಹಿಸಿದವರು ಭಟ್ಕಳದ ಪಂಢರಿಬಾಯಿ. ಅದೇ ವರ್ಷ ‘ಬೇಡರ ಕಣ್ಣಪ್ಪ’ದಲ್ಲಿ ಕಣ್ಣಪ್ಪನ ಮಡದಿಯಾಗಿ ಅವರು ಕನ್ನಡಿಗರ ಮನಗೆದ್ದರು. ಪತಿಭಕ್ತಿ ಮತ್ತು ಪತಿಯ ತಿರಸ್ಕಾರ, ಎರಡನ್ನೂ ಒಂದೇ ವರ್ಷದಲ್ಲಿ ಅಭಿನಯಿಸಿದ ಈ ಕಲಾವಿದೆಯ ಸಾಧನೆ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು.

ಹಾಡಿಗೆ ಒಗ್ಗಿದ್ದ ಪ್ರೇಕ್ಷಕರು ಮೊದಲು ಈ ಚಿತ್ರವನ್ನು ಆದರಿಸಲಿಲ್ಲ. ಆ ಕಾಲದ ಚಿತ್ರಗಳು ಪರದೆಯಿಂದ ಮರೆಯಾದ ಮೇಲೂ ಗ್ರಾಮಫೋನ್ ತಟ್ಟೆಗಳ ಮೂಲಕ, ಹಾಡಿನ ಪುಸ್ತಿಕೆಗಳ ಮೂಲಕ ಮನೆಮನೆಗಳಲ್ಲಿ ಉಳಿಯುತ್ತಿದ್ದವು. ಹಾಡಿಲ್ಲದ ಚಿತ್ರಕ್ಕೆ ಆ ಆಸರೆಯಿಲ್ಲ. ಅದು ಉಳಿಯಬೇಕಾದರೆ ಪ್ರತಿಯೇ ಉಳಿಯಬೇಕು. ಹಳೆಯ ಚಿತ್ರಗಳ ಸಂಗ್ರಾಹಕರು ಇಂತಹ ಕೃತಿಗಳ ಪ್ರತಿ, ಭಿತ್ತಿಪತ್ರ, ಸ್ಥಿರಚಿತ್ರಗಳನ್ನು ಅರಸುವುದರ ಹಿಂದೆ ಕೇವಲ ಹವ್ಯಾಸವಲ್ಲ, ಈ ಅನಿವಾರ್ಯತೆಯೂ ಇದೆ.

‘ಬೊಮ್ಮೈ’ (1964) ಚಿತ್ರದ ಅನಂತರ ಬಾಲಚಂದರ್ ನಿರ್ಮಿಸಿ ನಿರ್ದೇಶಿಸಿದ ‘ನಡು ಇರವಿಲ್’ 1970ರಲ್ಲಿ ತೆರೆಕಂಡಿತು. ದ್ವೀಪದ ಬಂಗಲೆಯಲ್ಲಿ ಬಂಧುಗಳು ಒಬ್ಬೊಬ್ಬರಾಗಿ ಕೊಲೆಯಾಗುವ ಈ ಕಥೆಗೆ ಅಗಾಥಾ ಕ್ರಿಸ್ಟಿಯ ಕಾದಂಬರಿ ಪ್ರೇರಣೆ. ಪಂಢರಿಬಾಯಿ ಇದರಲ್ಲಿಯೂ ಇದ್ದರು. ಇಂದು ಬಲ್ಲವರು ಮಾತ್ರ ನೆನೆಯುವ ಈ ಚಿತ್ರವೇ ಅವರ ನಿರ್ದೇಶನದ ಕೊನೆಯ ಕೃತಿ.

ಬಳಿಕ ಅವರು ವೀಣೆಗೇ ಮೀಸಲಾದರು. 72 ಮೇಳಕರ್ತ ರಾಗಗಳನ್ನೂ ಧ್ವನಿಮುದ್ರಿಸಿದರು. 1982ರಲ್ಲಿ ಪದ್ಮಭೂಷಣ ಗೌರವ ಸಂದಿತು. 1990ರ ಏಪ್ರಿಲ್ 13ರಂದು ಭಿಲಾಯಿಯಲ್ಲಿ ನಿಧನರಾದರು. ‘ಅಂದ ನಾಳ್’ ತೆರೆಕಂಡದ್ದು 36 ವರ್ಷಗಳ ಹಿಂದೆ, ಅದೇ ಏಪ್ರಿಲ್ 13ರಂದು. ವೈಣಿಕನ ನಾದ ಧ್ವನಿಮುದ್ರಿಕೆಗಳಲ್ಲಿ ಭದ್ರವಾಗಿದೆ. ನಿರ್ದೇಶಕನ ಕೃತಿಗಳನ್ನು ಕಾಯುವ ಹೊಣೆ ಸಂಗ್ರಾಹಕರದೂ ವಿದ್ವಾಂಸರದೂ ಆಗಿದೆ.