ಕಪ್ಪೆಗಳ ನಾರಾಯಣರಾಯರು

ಸಿ. ಆರ್. ನಾರಾಯಣರಾಯರು 1882ರಲ್ಲಿ ಕೊಯಮತ್ತೂರಿನಲ್ಲಿ ಜನಿಸಿ, ಬಳ್ಳಾರಿಯಲ್ಲಿಯೂ ಮದರಾಸಿನಲ್ಲಿಯೂ ವಿದ್ಯಾಭ್ಯಾಸ ಮಾಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. 1932ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾದರು. 1937ರಲ್ಲಿ ದಕ್ಷಿಣ ಭಾರತದ ಅನೇಕ ಹೊಸ ಕಪ್ಪೆಗಳನ್ನು ವರ್ಣಿಸಿದರು. ದುರ್ದೈವದಿಂದ ಆ ಮೂಲ ಮಾದರಿಗಳು ಕಳೆದುಹೋದವು. ಆದುದರಿಂದ ಅವುಗಳಲ್ಲಿ ಕೆಲವು ಯಾವುವೆಂದು ನಿರ್ಧರಿಸುವುದು ವಿದ್ವಾಂಸರಿಗೆ ಇಂದಿಗೂ ಕಷ್ಟ. ರಾಯರು 1960ರಲ್ಲಿ ನಿಧನರಾದರು.

2010ರಲ್ಲಿ ಪೊದೆಗಪ್ಪೆಗಳ ಕುಲವೊಂದಕ್ಕೆ ಅವರ ಹೆಸರನ್ನು ಸೇರಿಸಿ 'ರಾವ್‌ಆರ್ಕೆಸ್ಟಿಸ್' ಎಂದು ಕರೆದರು. ಕೊಪ್ಪಳ, ಗಂಗಾವತಿಗಳ ಹೊಂಡಗಳಲ್ಲಿ ವಟಗುಟ್ಟುವ ಕಪ್ಪೆಗಳು ನೀರಿನಲ್ಲಿ ಮೊಟ್ಟೆಯಿಡುತ್ತವೆ. ಇವುಗಳ ರೀತಿಯೇ ಬೇರೆ. ಗಂಡಿನ ವೀರ್ಯಾಣು ಕೂಡಿದ ಅಂಡವೆಂಬ ಒಂದೇ ಜೀವಕೋಶವು ಎರಡಾಗಿ, ನಾಲ್ಕಾಗಿ, ಎಂಟಾಗಿ ವಿಭಜಿಸುತ್ತ ಬೆಳೆದು, ಗೊದಮೊಟ್ಟೆಯ ಅವಸ್ಥೆಯನ್ನೂ ಮೊಟ್ಟೆಯೊಳಗೇ ಕಳೆದು, ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತದೆ.