ಜೂನ್ 14: ಬ್ಲಡ್ ಗ್ರೂಪ್ ಕಂಡುಹಿಡಿದ ಡಾಕ್ಟರ್ ಹುಟ್ಟಿದ ದಿನ

ಆ್ಯಕ್ಸಿಡೆಂಟ್ ಆದ್ರೆ, ಹೆರಿಗೆ ಕಷ್ಟ ಆದ್ರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಮೊದಲು ಓಡಾಡೋ ಮೆಸೇಜು ತುರ್ತಾಗಿ ರಕ್ತ ಬೇಕು ಅನ್ನೋದು. ಜತೆಗೆ ಎ, ಬಿ, ಎಬಿ, ಓ ಅಂತ ಗ್ರೂಪಿನ ಹೆಸರು ಇದ್ದೇ ಇರುತ್ತೆ. ಆ ಹೆಸರುಗಳೇ ಇಲ್ಲದ ಕಾಲದಲ್ಲಿ ರಕ್ತ ಹಾಕೋದು ಜೂಜಿನ ಹಾಗಿತ್ತು. ಕೆಲವರು ಬದುಕುತ್ತಿದ್ದರು, ಕೆಲವರು ರಕ್ತ ಹಾಕಿದ್ದರಿಂದಲೇ ಸಾಯುತ್ತಿದ್ದರು. ಯಾಕೆ ಅಂತ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿದವರು ಆಸ್ಟ್ರಿಯಾದ ಡಾ. ಕಾರ್ಲ್ ಲ್ಯಾಂಡ್‌ಸ್ಟೈನರ್. ಅವರು ಹುಟ್ಟಿದ ಜೂನ್ 14ನ್ನೇ ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸುತ್ತಾರೆ.

ಅಪ್ಪ ಇಲ್ಲದ ಮನೆ

ಲ್ಯಾಂಡ್‌ಸ್ಟೈನರ್ ಹುಟ್ಟಿದ್ದು 1868ರಲ್ಲಿ, ವಿಯೆನ್ನಾ ಹತ್ತಿರದ ಬಾಡೆನ್ ಊರಿನಲ್ಲಿ. ತಂದೆ ಲಿಯೋಪೋಲ್ಡ್ ಹೆಸರಾಂತ ಪತ್ರಕರ್ತರು. ಮಗನಿಗೆ ಆರು ವರ್ಷ ಆಗಿದ್ದಾಗ ತೀರಿಕೊಂಡರು. ತಾಯಿ ಫ್ಯಾನಿ ಒಬ್ಬರೇ ಸಾಕಿ ಓದಿಸಿದರು. ಮಗನಿಗೆ ತಾಯಿ ಅಂದ್ರೆ ಪ್ರಾಣ. ಆಕೆ ತೀರಿಕೊಂಡ ಮೇಲೆ ಮುಖದ ಅಚ್ಚು ತೆಗೆಸಿ, ಕೊನೆವರೆಗೂ ಗೋಡೆ ಮೇಲೆ ಇಟ್ಟುಕೊಂಡಿದ್ದರು.

1891ರಲ್ಲಿ ವಿಯೆನ್ನಾದಲ್ಲಿ ಡಾಕ್ಟರ್ ಪದವಿ ಸಿಕ್ಕಿತು. ಆದರೆ ಕ್ಲಿನಿಕ್ ತೆರೆದು ದುಡ್ಡು ಮಾಡೋ ದಾರಿ ಹಿಡಿಯಲಿಲ್ಲ. ಕೆಲವು ವರ್ಷ ದೊಡ್ಡ ದೊಡ್ಡ ವಿಜ್ಞಾನಿಗಳ ಹತ್ತಿರ ರಸಾಯನಶಾಸ್ತ್ರ ಕಲಿತರು. ಆಮೇಲೆ 1898ರಿಂದ 10 ವರ್ಷ ಹೆಣ ಕೊಯ್ದು ಸಾವಿನ ಕಾರಣ ಹುಡುಕುವ ವಿಭಾಗದಲ್ಲಿ ಕೆಲಸ. ಅಲ್ಲಿ ಮಾಡಿದ ಪೋಸ್ಟ್‌ಮಾರ್ಟಂಗಳೇ 3,600ಕ್ಕೂ ಹೆಚ್ಚು. ಅದರ ನಡುವೆಯೇ ರಕ್ತದ ಪ್ರಯೋಗ.

ರಕ್ತದೊಳಗೆ ಏನಿದೆ?

ಅವರ ಪ್ರಯೋಗ ಅರ್ಥ ಆಗಬೇಕಾದ್ರೆ ರಕ್ತದಲ್ಲಿ ಏನಿದೆ ಅಂತ ತಿಳಿಯಬೇಕು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಂದ್ರೆ ಶೇ 55ರಷ್ಟು, ತಿಳಿ ಹಳದಿ ನೀರು. ಅದೇ ಪ್ಲಾಸ್ಮಾ. ಊಟದ ಸತ್ವ, ಉಪ್ಪು, ಹಾರ್ಮೋನು, ಮೈಯಲ್ಲಿನ ತ್ಯಾಜ್ಯ ಎಲ್ಲ ಸಾಗೋದು ಇದರಲ್ಲೇ. ಉಳಿದದ್ದು ಕಣಗಳು. ಕೆಂಪು ಕಣ ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಗೆಲ್ಲ ಹಂಚುತ್ತೆ, ಅದರ ಆಯಸ್ಸು ಸುಮಾರು 120 ದಿನ. ಬಿಳಿ ಕಣ ರೋಗಾಣುಗಳ ಜತೆ ಹೋರಾಡುತ್ತೆ. ಡೆಂಗ್ಯೂ ಬಂದಾಗ ಕಡಿಮೆ ಆಯ್ತು ಅಂತ ಎಲ್ಲರೂ ಹೆದರೋ ಪ್ಲೇಟ್‌ಲೆಟ್, ಗಾಯ ಆದಾಗ ರಕ್ತ ನಿಲ್ಲಿಸುತ್ತೆ.

ಒಬ್ಬರ ರಕ್ತ ಇನ್ನೊಬ್ಬರದ್ದಕ್ಕೆ ಬೆರೆಸಿದರೆ ಕೆಲವು ಸಲ ಕೆಂಪು ಕಣಗಳು ಗಂಟು ಕಟ್ಟುತ್ತಿದ್ದವು, ಸರಿಯಾಗಿ ತಿರುವದ ಅಂಬಲಿ ಹಾಗೆ. ಅದು ಕಾಯಿಲೆಯ ಲಕ್ಷಣ ಅಂತ ಆಗ ಹಲವರು ನಂಬಿದ್ದರು. ಲ್ಯಾಂಡ್‌ಸ್ಟೈನರ್ ತಮ್ಮದೂ ಸೇರಿ ಆರೋಗ್ಯವಾಗಿದ್ದ ಸಹೋದ್ಯೋಗಿಗಳ ರಕ್ತ ತೆಗೆದರು. ಕಣ ಬೇರೆ, ತಿಳಿ ನೀರು ಬೇರೆ ಮಾಡಿ, ಒಬ್ಬರದ್ದನ್ನು ಇನ್ನೊಬ್ಬರದ್ದಕ್ಕೆ ಬೆರೆಸಿ ನೋಡಿದರು. ಕೆಲವು ಜೋಡಿ ಸುಮ್ಮನಿದ್ದವು, ಕೆಲವು ಗಂಟಾದವು. ಎಲ್ಲವನ್ನೂ ಬರೆದಿಟ್ಟು ನೋಡಿದಾಗ ಲೆಕ್ಕ ಸಿಕ್ಕಿತು. ಆರೋಗ್ಯವಂತರ ರಕ್ತದಲ್ಲೇ ಬೇರೆ ಬೇರೆ ಜಾತಿ ಇದೆ. 1901ರಲ್ಲಿ ಎ, ಬಿ, ಸಿ ಅಂತ ಮೂರು ಗುಂಪು ಪ್ರಕಟಿಸಿದರು. ಆ ಸಿ ಮುಂದೆ ಓ ಆಯಿತು. ಮರುವರ್ಷ ಅವರ ಜತೆಯವರು ಎಬಿ ಗುರುತಿಸಿದರು. ಎ ಗುಂಪಿನವರ ಪ್ಲಾಸ್ಮಾ ಬಿ ಕಣಗಳನ್ನು ಸಹಿಸಲ್ಲ, ಬಿ ಗುಂಪಿನವರದ್ದು ಎ ಕಣಗಳನ್ನು ಸಹಿಸಲ್ಲ. ತಪ್ಪು ರಕ್ತ ಹಾಕಿದರೆ ಕಣ ಒಡೆದು, ಕಿಡ್ನಿ ಕೆಟ್ಟು, ಪ್ರಾಣವೇ ಹೋಗಬಹುದು. ರಕ್ತ ಹಾಕಿದವರು ಸಾಯುತ್ತಿದ್ದ ಕಾರಣ ಹೀಗೆ ಬಯಲಾಯಿತು.

ನೊಬೆಲ್ ಬಂದಿದ್ದು 29 ವರ್ಷಕ್ಕೆ

ಇಷ್ಟು ದೊಡ್ಡ ಸಂಗತಿಯನ್ನು ಜಗತ್ತು ತಕ್ಷಣ ಗಮನಿಸಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ಡಾ. ರೂಬೆನ್ ಆಟನ್‌ಬರ್ಗ್ ಹೊಂದಾಣಿಕೆ ನೋಡಿ ರಕ್ತ ಹಾಕಲು ಶುರು ಮಾಡಿದರು. ಲ್ಯಾಂಡ್‌ಸ್ಟೈನರ್ ಅಷ್ಟರಲ್ಲಿ ಬೇರೆ ಕೆಲಸಕ್ಕೆ ಕೈ ಹಾಕಿದ್ದರು. ಪೋಲಿಯೊ ಬರೋದು ವೈರಸ್‌ನಿಂದ ಅಂತ 1908–09ರಲ್ಲಿ ತೋರಿಸಿದವರಲ್ಲಿ ಅವರೂ ಒಬ್ಬರು.

ಮೊದಲ ಮಹಾಯುದ್ಧ ಮುಗಿದಾಗ ವಿಯೆನ್ನಾದಲ್ಲಿ ಊಟಕ್ಕೂ ಸೌದೆಗೂ ತತ್ವಾರ. ಹೆಂಡತಿ, ಪುಟ್ಟ ಮಗನ ಜತೆ 1919ರಲ್ಲಿ ಹಾಲೆಂಡಿಗೆ ಹೋಗಿ ಸಣ್ಣ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದರು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆ ಸೇರಿದಾಗ ವಯಸ್ಸು 50 ದಾಟಿತ್ತು. 1930ರಲ್ಲಿ ನೊಬೆಲ್ ಬಂತು. ಪ್ರಚಾರ ಅಂದ್ರೆ ಆಗದ ಮನುಷ್ಯ, ಮತ್ತೆ ಲ್ಯಾಬಿಗೇ ಹೋದರು.

1940ರಲ್ಲಿ ಅಲೆಕ್ಸಾಂಡರ್ ವೀನರ್ ಜತೆ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. ನಾವು ಪಾಸಿಟಿವ್, ನೆಗೆಟಿವ್ ಅನ್ನೋದು ಇದನ್ನೇ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಮುಂದಿನ ಬಸಿರಿನಲ್ಲಿ ಮಗುವಿನ ರಕ್ತಕ್ಕೆ ಅಪಾಯ ಬರಬಹುದು. ಈಗ ಅದಕ್ಕೆ ಆಂಟಿ-ಡಿ ಇಂಜೆಕ್ಷನ್ ಇದೆ. ಹೆರಿಗೆ ಆದ 72 ಗಂಟೆಯೊಳಗೆ ಕೊಡಬೇಕು. ಮನೆಯಲ್ಲಿ ನೆಗೆಟಿವ್ ಹೆಣ್ಣುಮಕ್ಕಳಿದ್ದರೆ ಬಸಿರಾದ ಮೊದಲ ತಿಂಗಳಲ್ಲೇ ಡಾಕ್ಟರಿಗೆ ಹೇಳಿ.

1943ರ ಜೂನ್ 24ರಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಾಗಲೇ ಹೃದಯಾಘಾತವಾಯಿತು. ಎರಡು ದಿನಕ್ಕೆ ತೀರಿಕೊಂಡರು, 75 ವರ್ಷ. ಯೂರೋ ಬರೋ ಮುಂಚೆ ಆಸ್ಟ್ರಿಯಾದ 1000 ಶಿಲ್ಲಿಂಗ್ ನೋಟಿನಲ್ಲಿ ಅವರ ಚಿತ್ರ ಇತ್ತು.

ಬ್ಲಡ್ ಬ್ಯಾಂಕಿನಲ್ಲಿ ಗ್ರೂಪ್ ಒಂದೇ ಇದ್ದರೂ ಕ್ರಾಸ್ ಮ್ಯಾಚ್ ಅಂತ ಕಾಯಿಸಿದರೆ ನಾವು ಸಿಡಿಮಿಡಿ ಮಾಡ್ತೀವಿ. ಒಳಗೆ ಲ್ಯಾಬ್ ಸಿಬ್ಬಂದಿ ಮಾಡ್ತಿರೋದು ಲ್ಯಾಂಡ್‌ಸ್ಟೈನರ್ ಮಾಡಿದ ಕೆಲಸವನ್ನೇ: ಕೊಡೋರ ರಕ್ತ, ತಗೊಳ್ಳೋರ ರಕ್ತ ಬೆರೆಸಿ ಗಂಟು ಕಟ್ಟುತ್ತಾ ಅಂತ ನೋಡ್ತಾರೆ. ಆ ಹೊತ್ತು ಕಾದರೆ ನಮ್ಮವರ ಜೀವಕ್ಕೇ ಕ್ಷೇಮ. ಇನ್ನು ರಕ್ತ ಕೊಡೋ ಮಾತು. 18 ತುಂಬಿ, 45 ಕೆ.ಜಿ.ಗಿಂತ ಹೆಚ್ಚು ತೂಕ, ಒಳ್ಳೆ ಆರೋಗ್ಯ ಇದ್ದವರು ಕೊಡಬಹುದು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ನಿಮ್ಮ ಗ್ರೂಪ್ ಯಾವುದು ಅಂತ ಇನ್ನೂ ಗೊತ್ತಿಲ್ಲದಿದ್ದರೆ ಈ ವಾರವೇ ಟೆಸ್ಟ್ ಮಾಡಿಸಿ.