ಶಾಲೆ ಬಿಟ್ಟ ಬಾಲಕ, ಶಾಲೆ ಕಟ್ಟಿದ ಕವಿ



ಬಿಣಗಾದಿಂದ ಕಾರವಾರಕ್ಕೆ ಹೋದಾಗಲೆಲ್ಲ ನಾವು ರವೀಂದ್ರನಾಥ ಟ್ಯಾಗೋರ್ ಕಡಲತೀರವನ್ನು ನೋಡುತ್ತೇವೆ. ಸಂಜೆಯಾದರೆ ಅಲ್ಲಿ ಮಕ್ಕಳದೇ ಗದ್ದಲ. ಆದರೆ ಆ ಹೆಸರಿನ ಮಹಾಕವಿಗೆ ಬಾಲ್ಯದಲ್ಲಿ ಇಂಥ ಬಯಲು ಸಿಗಲಿಲ್ಲ. ಅವರ ಓದು ಬಹುಪಾಲು ನಡೆದದ್ದು ಮನೆಯಲ್ಲಿಯೇ.

ರವೀಂದ್ರರು ಹುಟ್ಟಿದ್ದು 1861ರ ಮೇ 7ರಂದು, ಕಲ್ಕತ್ತೆಯ ಜೋರಾಸಾಂಕೋದ ಶ್ರೀಮಂತ ಮನೆತನದಲ್ಲಿ. ತಂದೆ ದೇವೇಂದ್ರನಾಥರು ಹೆಚ್ಚಾಗಿ ಪ್ರವಾಸದಲ್ಲಿರುತ್ತಿದ್ದರು. ತಾಯಿ ಶಾರದಾದೇವಿಯವರಿಗೆ ತುಂಬು ಸಂಸಾರದ ಹೊಣೆ. ಬಾಲಕ ರವೀಂದ್ರ ಬೆಳೆದದ್ದು ಆಳುಗಳ ಕೈಯಲ್ಲಿ. ಶ್ಯಾಮ ಎಂಬ ಆಳು ಹುಡುಗನ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಸೀತೆಯ ಕಥೆಯಂತೆ ಹೆದರಿಸಿ ಹೋಗಿಬಿಡುತ್ತಿದ್ದ. ಗೆರೆ ದಾಟಲು ಅಂಜಿದ ಮಗು ಕಿಟಕಿಯಿಂದ ಹೊರಗಿನ ಕೊಳವನ್ನೂ ಆಲದ ಮರವನ್ನೂ ನೋಡುತ್ತ ಗಂಟೆಗಟ್ಟಲೆ ಕೂರುತ್ತಿತ್ತು.

ಓರಿಯಂಟಲ್ ಸೆಮಿನರಿ, ನಾರ್ಮಲ್ ಸ್ಕೂಲ್, ಬೆಂಗಾಲ್ ಅಕಾಡೆಮಿ, ಸೇಂಟ್ ಝೇವಿಯರ್ಸ್ ಹೀಗೆ ಒಂದಾದ ಮೇಲೊಂದು ಶಾಲೆಗೆ ಸೇರಿಸಿದರೂ ಮನಸ್ಸು ಎಲ್ಲಿಯೂ ನಿಲ್ಲಲಿಲ್ಲ. ಅಲ್ಲಿದ್ದದ್ದು ಬೆತ್ತ ಮತ್ತು ಅರ್ಥವಾಗದ ಬಾಯಿಪಾಠ. ಮನೆಗೆ ಬಂದ ಹುಡುಗ ಜಗಲಿಯ ಮರದ ಕಂಬಿಗಳನ್ನೇ ವಿದ್ಯಾರ್ಥಿಗಳೆಂದು ಭಾವಿಸಿ, ಕೋಲು ಹಿಡಿದು ಬಾರಿಸುತ್ತಿದ್ದ. ಪಾಠಕ್ಕಿಂತ ಮೊದಲು ಆತ ಕಲಿತದ್ದು ಮೇಷ್ಟ್ರ ಸಿಟ್ಟನ್ನು! ಶಿಕ್ಷಕರಾದ ನಾವು ಇದನ್ನು ಮರೆಯಬಾರದು.

ಮನೆಯ ಪಾಠವೂ ಸುಲಭವಾಗಿರಲಿಲ್ಲ. ಅಣ್ಣ ಹೇಮೇಂದ್ರನಾಥರ ಏರ್ಪಾಡಿನಂತೆ ಬೆಳಗಿನ ಜಾವ ಕುಸ್ತಿ, ಬಳಿಕ ಗಣಿತ, ಇತಿಹಾಸ, ಭೂಗೋಳ, ಸಂಜೆ ಚಿತ್ರಕಲೆ ಮತ್ತು ವ್ಯಾಯಾಮ, ರಾತ್ರಿ ಇಂಗ್ಲಿಷ್. ಜೋರು ಮಳೆಯ ದಿನ ಇಂಗ್ಲಿಷ್ ಮೇಷ್ಟ್ರು ಬರಲಾರರೆಂದು ಹುಡುಗ ಆಸೆಯಿಂದ ಬೀದಿ ನೋಡುತ್ತಿದ್ದರೆ, ತಿರುವಿನಲ್ಲಿ ಅದೇ ಕಪ್ಪು ಕೊಡೆ ಕಾಣಿಸಿಕೊಳ್ಳುತ್ತಿತ್ತು. ಆದರೂ ಮಾತೃಭಾಷೆಯಲ್ಲಿ ಮೊದಲು ಕಲಿತದ್ದರಿಂದ ತಮ್ಮ ಬುದ್ಧಿ ಅರಳಿತೆಂದು ಅವರು ಮುಂದೆ ಕೃತಜ್ಞತೆಯಿಂದ ನೆನೆದರು.

1873ರಲ್ಲಿ ತಂದೆ ಮಗನನ್ನು ಬೋಲ್‌ಪುರ, ಅಮೃತಸರ, ಡಾಲ್‌ಹೌಸಿಗೆ ಕರೆದೊಯ್ದರು. ಖರ್ಚಿನ ಹಣವನ್ನು ಮಗನ ಕೈಗೆ ಕೊಟ್ಟರು, ತಮ್ಮ ಚಿನ್ನದ ಗಡಿಯಾರಕ್ಕೆ ಕೀ ಕೊಡುವ ಕೆಲಸ ಒಪ್ಪಿಸಿದರು, ಬೆಟ್ಟದಲ್ಲಿ ಒಬ್ಬನೇ ಸುತ್ತಾಡಲು ಬಿಟ್ಟರು, ನಕ್ಷತ್ರಗಳನ್ನು ತೋರಿಸಿ ಪಾಠ ಹೇಳಿದರು. ಹಿರಿಯರು ನಂಬಿಕೆಯಿಟ್ಟಾಗ ಮಗುವಿನಲ್ಲಿ ಧೈರ್ಯ ಹುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? 1875ರಲ್ಲಿ ತಾಯಿ ತೀರಿಕೊಂಡರು. ತಬ್ಬಲಿ ಹುಡುಗನನ್ನು ಅಕ್ಕರೆಯಿಂದ ನೋಡಿಕೊಂಡವರು ಅತ್ತಿಗೆ ಕಾದಂಬರಿದೇವಿ. 1878ರಲ್ಲಿ ಇಂಗ್ಲೆಂಡಿಗೆ ಹೋದ ರವೀಂದ್ರರು 1880ರಲ್ಲಿ ಪದವಿಯಿಲ್ಲದೆ ಮರಳಿದರು.

1883ರಲ್ಲಿ, 22ರ ಹರೆಯದಲ್ಲಿ, ಅವರು ನಮ್ಮ ಕಾರವಾರಕ್ಕೆ ಬಂದರು. ಐ.ಸಿ.ಎಸ್. ಪಾಸಾದ ಮೊದಲ ಭಾರತೀಯರಾದ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಮರಳುವಾಗ ಅಳಿವೆಯಿಂದ ಮರಳಿನ ಮೇಲೆ ನಡೆದು ಬಂದ ರಾತ್ರಿಯನ್ನು ಕವಿ ಎಂದೂ ಮರೆಯಲಿಲ್ಲ. ಇಲ್ಲಿಯೇ ಅವರು 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದರು. ಲೋಕದ ನಂಟನ್ನೆಲ್ಲ ಹರಿದುಕೊಂಡ ಸನ್ಯಾಸಿಯೊಬ್ಬನನ್ನು ಅನಾಥ ಬಾಲಕಿಯ ಪ್ರೀತಿ ಮತ್ತೆ ಮನುಷ್ಯರ ನಡುವೆ ಎಳೆದು ತರುತ್ತದೆ. ಆದರೆ ಅವನು ಹುಡುಕಿಕೊಂಡು ಬರುವಷ್ಟರಲ್ಲಿ ಆ ಮಗು ಇಲ್ಲವಾಗಿರುತ್ತದೆ. ಗೆರೆಯೊಳಗೆ ಕೂತು ಬೆಳೆದವರ ನೋವು ಈ ಕಥೆಯಲ್ಲಿ ಇದೆಯೆಂದು ನನಗೆ ಅನಿಸುತ್ತದೆ.

ತಮ್ಮ ಮಕ್ಕಳಿಗೂ ಅವರು ಮೊದಲು ಶಿಲಾಯಿದಹದ ಮನೆಯಲ್ಲಿಯೇ ಪಾಠ ಮಾಡಿಸಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. 1901ರ ಡಿಸೆಂಬರಿನಲ್ಲಿ ಶಾಂತಿನಿಕೇತನದಲ್ಲಿ ಐವರು ವಿದ್ಯಾರ್ಥಿಗಳೊಂದಿಗೆ ಶಾಲೆ ತೆರೆದರು. ಅವರಲ್ಲಿ ಮಗ ರಥೀಂದ್ರನೂ ಒಬ್ಬ. ಮರದ ನೆರಳಲ್ಲಿ ಪಾಠ, ಒಟ್ಟಿಗೆ ಹಾಡು, ನಾಟಕ, ಕೆಲಸ. 1913ರಲ್ಲಿ ನೊಬೆಲ್ ಬಂತು, 1921ರಲ್ಲಿ ವಿಶ್ವಭಾರತಿ ಸ್ಥಾಪನೆಯಾಯಿತು. ಸಿಲ್ಹೆಟ್ ಕಡೆಯ ಸೈಯದ್ ಮುಜ್ತಬಾ ಅಲಿ ಅಲ್ಲಿ ಓದಿ ಬಂಗಾಳಿಯ ದೊಡ್ಡ ಲೇಖಕರಾದರು. ರವೀಂದ್ರರು 1941ರ ಆಗಸ್ಟ್ 7ರಂದು ನಿಧನರಾದರು.

ನಮ್ಮ ಮೌಲಾನಾ ಅಬುಲ್ ಕಲಾಂ ಆಜಾದರೂ ತಂದೆಯ ಬಳಿ ಮನೆಯಲ್ಲಿಯೇ ಓದಿದವರು. ಅವರೇ ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವರಾಗಿ ಎಲ್ಲ ಮಕ್ಕಳಿಗೂ ಶಾಲೆ ಬೇಕೆಂದು ದುಡಿದರು. ಮನೆಯ ಓದಿನ ಲಾಭವನ್ನೂ ಕೊರತೆಯನ್ನೂ ಬಲ್ಲವರು ಇವರು.

ಮಗುವನ್ನು ಮನೆಯಲ್ಲೇ ಓದಿಸಿದರೆ ಸಾಲದೇ ಎಂದು ಕೆಲವು ಪಾಲಕರು ಕೇಳುತ್ತಾರೆ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿ, ಮತ್ತೆ ತೆರೆದಾಗ ಮಕ್ಕಳನ್ನು ಕಂಡಿದ್ದೇನೆ. ಅಕ್ಷರ ಮರೆತವರು ಬೇಗ ಕಲಿತರು. ಜೊತೆಯವರೊಂದಿಗೆ ಬೆರೆಯುವುದನ್ನು ಮರೆತವರಿಗೆ ಹೆಚ್ಚು ದಿನ ಬೇಕಾಯಿತು. ಜಗಳವಾಡಿ ರಾಜಿಯಾಗುವುದು, ಸೋತು ನಗುವುದು, ಬೇರೆ ಮನೆಯ ಮಗುವಿನ ದುಃಖಕ್ಕೆ ಮರುಗುವುದು ಓರಗೆಯವರ ನಡುವೆಯೇ ಬರುವ ವಿದ್ಯೆ. ಹಾಗೆಂದು ಬೆತ್ತದ ಶಾಲೆಯೂ ಉತ್ತರವಲ್ಲ.

ಪಾಲಕರೇ, ಮನೆಯಲ್ಲಿ ದೇವೇಂದ್ರನಾಥರಂತೆ ಮಗುವನ್ನು ನಂಬಿರಿ. ಶಿಕ್ಷಕ ಬಂಧುಗಳೇ, ಮಗು ಓಡಿಹೋಗಲು ಬಯಸದಂಥ ಶಾಲೆ ಕಟ್ಟೋಣ. ವಿದ್ಯಾರ್ಥಿಗಳೇ, ನಿಮ್ಮ ತರಗತಿಯಲ್ಲಿ ಒಂಟಿಯಾಗಿ ಕೂತ ಗೆಳೆಯನಿದ್ದರೆ ನಾಳೆಯೇ ಅವನನ್ನು ಆಟಕ್ಕೆ ಕರೆಯಿರಿ. ಅವನ ಸುತ್ತಲಿನ ಗೆರೆಯನ್ನು ಅಳಿಸಲು ನಿಮ್ಮಿಂದ ಸಾಧ್ಯ.